ರೆಕಾರ್ಡ್ ರೂಮಿಗೆ ಹೋಗುವ ನೆಪ

ಮಧ್ಯಾಹ್ನ ಮೂರಕ್ಕೆ ಪಟ್ಟಿ ನ್ಯಾಯಾಧೀಶರ ಕೈ ಸೇರಬೇಕಿತ್ತು. ಹನ್ನೊಂದೂವರೆಗೆ ಅವಳಿಗೆ ಅದರಲ್ಲೊಂದು ಎಡವಟ್ಟು ಸಿಕ್ಕಿತು.

ನ್ಯಾಯಾಲಯದ ಮೂರನೇ ಮಹಡಿಯ ಅಂಕಿಅಂಶ ವಿಭಾಗದಲ್ಲಿ ಅವಳು ಹೊಸ ಡೇಟಾ ಸೈಂಟಿಸ್ಟ್. ಕೆಲಸ ಕಾಯಂ ಆಗಲು ಇನ್ನೂ ಎರಡು ತಿಂಗಳು ಬಾಕಿ. ಜಾಮೀನು ಕೊಟ್ಟರೆ ಯಾರು ವಿಚಾರಣೆಗೆ ಬರುತ್ತಾರೆ, ಯಾರು ಕೈಕೊಡುತ್ತಾರೆ ಎಂದು ಹಳೆಯ ದಾಖಲೆ ನೋಡಿ ಹೇಳುವ ಕಂಪ್ಯೂಟರ್ ಮಾಡೆಲ್ ಅವಳದು. ಕೈಕೊಡುವವರ ಪಟ್ಟಿಯಲ್ಲಿ ಮೊದಲ ಹೆಸರು ಒಬ್ಬ ಬಡಗಿಯದು: ಐದು ವಿಚಾರಣೆ, ಐದಕ್ಕೂ ಗೈರು. ಆಗ ಆತ ಜೈಲು ಸೇರಿದ ತಾರೀಖು ಕಣ್ಣಿಗೆ ಬಿತ್ತು. ಅದು ಮೊದಲ ಗೈರಿಗಿಂತಲೂ ಹಿಂದಿನದು. ಅಂದಿನಿಂದ ಆತ ಹೊರಗೇ ಬಂದಿಲ್ಲ.

ಜೈಲಿನಲ್ಲೇ ಇದ್ದವನು ವಿಚಾರಣೆ ತಪ್ಪಿಸಿಕೊಂಡದ್ದಾದರೂ ಹೇಗೆ?

ಎರಡೆರಡು ಮೆಟ್ಟಿಲು ಹಾರಿ ನೆಲಮಹಡಿಯ ರೆಕಾರ್ಡ್ ರೂಮಿಗೆ ಓಡಿದಳು. ಅಲ್ಲಿನ ಗುಮಾಸ್ತ ಕಪಾಟುಗಳ ನಡುವಿಂದ ಇಣುಕಿದ. ಅವಳನ್ನು ಕಂಡ ಕೂಡಲೇ ಶರ್ಟಿನ ತೋಳಿನ ಧೂಳು ಕೊಡವಿಕೊಳ್ಳುವುದು ಅವನ ಅಭ್ಯಾಸ. ಧೂಳು ಹೋಗುತ್ತಿರಲಿಲ್ಲ, ಕಿವಿ ಮಾತ್ರ ಕೆಂಪಾಗುತ್ತಿತ್ತು.

“ಏನ್ ಮೇಡಂ, ಇವತ್ತು ಇಷ್ಟು ಬೇಗ ದರ್ಶನ ಕೊಟ್ರಿ?”

“ತಮಾಷೆ ಬೇಡ. ಈ ನಂಬರಿನ ಫೈಲ್ ಕೊಡಿ.”

“ನಿಜವಾಗ್ಲೂ ಫೈಲೇ ಬೇಕಾ?” ಎಂದು ತುಟಿಯಂಚಿನಲ್ಲಿ ನಕ್ಕವನು, ಅವಳ ಮುಖ ನೋಡಿ ಸುಮ್ಮನಾಗಿ ಏಣಿ ಹತ್ತಿದ.

ಫೈಲ್ ಬಿಚ್ಚಿದರೆ ಐದೂ ವಿಚಾರಣೆಯ ಹಾಳೆಗಳ ಅಂಚಿನಲ್ಲಿ ಅವನದೇ ದುಂಡು ಅಕ್ಷರ: ‘ಜೈಲಿನಿಂದ ಕರೆತರಲು ಪೊಲೀಸರು ಸಿಗಲಿಲ್ಲ.’

“ಮತ್ತೆ ಕಂಪ್ಯೂಟರಲ್ಲಿ ಗೈರು ಅಂತ ಯಾಕೆ ಹಾಕಿದ್ರಿ?”

“ಅಲ್ಲಿರೋದೇ ಎರಡು ಬಟನ್. ಹಾಜರು, ಗೈರು. ಇದನ್ನ ಎಲ್ಲಿ ಹಾಕ್ಲಿ? ಅದಕ್ಕೇ ಕಾಗದದ ಮೇಲೆ ಬರೀತಿದ್ದೆ.”

ಪಟ್ಟಿಯಲ್ಲಿದ್ದ ಇನ್ನೂ ಹತ್ತು ಫೈಲ್ ತೆಗೆಸಿದಳು. ನಾಲ್ಕರಲ್ಲಿ ಅದೇ ಸಾಲು. ಅವಳ ಮಾತು ನಂಬಿ ಎಷ್ಟು ಜನರನ್ನು ಒಳಗೇ ಕೊಳೆಹಾಕುತ್ತಿದ್ದರೋ.

“ನಾಲ್ಕು ತಿಂಗಳಿಂದ ಇಲ್ಲಿಗೆ ಬರ್ತಿದೀನಿ. ಒಂದು ಮಾತು ಹೇಳ್ಬಾರದಿತ್ತಾ?”

“ನೀವು ಒಂದು ಫೈಲೂ ಬಿಚ್ಚಲಿಲ್ಲವಲ್ಲ.” ಅವನು ತಲೆ ತಗ್ಗಿಸಿದ. “ನಾನೂ ನೆನಪಿಸ್ಲಿಲ್ಲ. ಫೈಲ್ ಓದೋಕೆ ಕೂತ್ರೆ ನನ್ನ ಜೊತೆ ಮಾತಾಡೋದು ಬಿಟ್ಟುಬಿಡ್ತೀರಿ ಅಂತ.”

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇವತ್ತು ಅವಳು ಗಡಿಯಾರ ನೋಡಿದಳು. ಇಷ್ಟಪಟ್ಟವನ ಮಾತಿಗೆ ಖುಷಿಪಡಲೂ ಪುರುಸೊತ್ತಿಲ್ಲದ ಹಣೆಬರಹ ಅವಳದು.

“ದೊಡ್ಡ ಮೇಡಂಗೆ ಹೇಳ್ಬೇಕು. ನನ್ನ ಕೆಲ್ಸ ಹೋಗತ್ತೆ.”

“ಗೈರು ಅಂತ ಹಾಕಿದವನು ನಾನು. ನಾನೂ ಬರ್ತೀನಿ.”

“ನಿಮ್ಮದೂ ಹೋದ್ರೆ?”

“ಆಮೇಲೆ ಇಬ್ರೂ ಕೂತು ಯೋಚ್ನೆ ಮಾಡೋಣ.” ಹನ್ನೊಂದು ಫೈಲುಗಳನ್ನೂ ಎದೆಗೆ ಅವಚಿಕೊಂಡು ಅವನು ಮುಂದೆ ನಡೆದ. ‘ಇಬ್ರೂ’ ಎಂಬ ಆ ಒಂದು ಮಾತನ್ನು ಹಿಡಿದುಕೊಂಡೇ ಅವಳು ಮೂರು ಮಹಡಿ ಹತ್ತಿದಳು.

ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರು ಅಂಚಿನ ಬರಹಗಳನ್ನು ಒಂದೊಂದಾಗಿ ಓದಿದರು. ಕೊನೆಗೆ ನ್ಯಾಯಾಧೀಶರ ಕಚೇರಿಗೆ ಫೋನ್ ಮಾಡಿ, “ಪಟ್ಟಿ ಇವತ್ತು ಬರಲ್ಲ. ತಪ್ಪಿದೆ” ಎಂದರು. ಅವಳಿಗೆ ಅರ್ಧ ಉಸಿರು ಬಂತು.

“ಮುಚ್ಚಿಡದೆ ಹೇಳಿದ್ದು ಒಳ್ಳೇದಾಯ್ತು. ಒಂದು ಮಾತ್ರ ಅರ್ಥ ಆಗ್ತಿಲ್ಲ. ದಿನಾ ಫೈಲ್ ನೋಡ್ತೀನಿ ಅಂತ ನನಗೆ ಹೇಳಿಯೇ ರೆಕಾರ್ಡ್ ರೂಮಿಗೆ ಹೋಗ್ತಿದ್ದೆಯಲ್ಲಮ್ಮಾ? ಫೈಲ್ ನೋಡ್ಲಿಲ್ಲ ಅಂದ್ಮೇಲೆ, ಅಲ್ಲಿ ಏನು ನೋಡ್ತಿದ್ದೆ?”

ಎರಡು ಮೂರು ಸುಳ್ಳು ನಾಲಿಗೆ ತುದಿಗೆ ಬಂದವು. ಒಂದೇ ದಿನಕ್ಕೆ ಇನ್ನೊಂದು ತಪ್ಪು ದಾಖಲೆ ಬೇಡ ಎನಿಸಿತು ಅವಳಿಗೆ.

“ಇವ್ರನ್ನ” ಎಂದಳು.

ಮೇಜಿನಿಂದ ಫೈಲ್ ಎತ್ತಿಕೊಳ್ಳುತ್ತಿದ್ದವನ ಕೈಯಿಂದ ಹನ್ನೊಂದೂ ದಬದಬನೆ ಜಾರಿ ಬಿದ್ದವು.

ದೊಡ್ಡ ಮೇಡಂ ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು. “ಹಾಗಾದ್ರೆ ನಾಳೆಯಿಂದ ಅಲ್ಲೇ ಕೂತ್ಕೋ. ಮೂರು ಸಾವಿರ ಫೈಲ್ ಇವೆ, ಒಂದೂ ಬಿಡದೆ ಓದು. ಕಾಯಂ ಮಾಡೋದು ಆಮೇಲೆ ನೋಡೋಣ.”

ಅವನು ನೆಲದ ಮೇಲೆ ಕೂತು ಚೆಲ್ಲಿದ ಹಾಳೆಗಳನ್ನು ಜೋಡಿಸುತ್ತಿದ್ದ. ಅವಳೂ ಬಗ್ಗಿದಳು.

“ಬೇಗ ಓದಿ ಮುಗಿಸ್ಬೇಕು. ಒಳಗಿರೋರು ಕಾಯ್ತಿದಾರೆ” ಎಂದ ಅವನು, ಅವಳಿಗಷ್ಟೇ ಕೇಳುವಂತೆ. “ನಾನೂ ನಾಲ್ಕು ತಿಂಗಳಿಂದ ಕಾಯ್ತಿದೀನಿ. ಮೊದಲು ಅವ್ರದ್ದಾಗಲಿ.”