ಎರಡು ಗಂಟೆಯ ಕರೆ

ಹದಿನಾಲ್ಕನೇ ತಾರೀಖು, ಬೆಳಿಗ್ಗೆ 10.20. ಹಡಗಿನ ಎಂಜಿನ್ ಮೇಸ್ತ್ರಿಯ ಅಕ್ಕ ಎರಡನೇ ಸಲ ಠಾಣೆಗೆ ಬಂದಳು. ಹನ್ನೊಂದು ಜನರಿದ್ದ ಆ ಸರಕು ಹಡಗು ಮೂರನೇ ತಾರೀಖು ಕಾಣೆಯಾಗಿತ್ತು. ಎರಡು ವರ್ಷದ ಹಿಂದೆ ಅದೇ ಕಡಲಲ್ಲಿ ಒಂದು ವಿಮಾನವೂ ಕಾಣೆಯಾಗಿದ್ದರಿಂದ ಆ ಜಾಗವೇ ಸರಿಯಿಲ್ಲ ಎಂದು ಊರೆಲ್ಲ ಷರಾ ಬರೆದುಬಿಟ್ಟಿತ್ತು. ಅವಳು ಮೊದಲ ಸಲ ಬಂದಾಗ ಇನ್ಸ್‌ಪೆಕ್ಟರ್, ಸಮುದ್ರದ ಮೇಲೆ ಎಫ್‌ಐಆರ್ ಹಾಕೋಕಾಗುತ್ತಾ ತಾಯಿ ಎಂದು ನಗೆಯಾಡಿ ಕಳಿಸಿದ್ದರು.

ಈಗ ಅವಳು ಒಂದು ಫೋಟೊ ಮೇಜಿನ ಮೇಲಿಟ್ಟಳು. ಹಿಂದಿನ ದಿನ ಮೀನುಗಾರರಿಗೆ ಸಿಕ್ಕ, ಆ ಹಡಗಿನ ಪ್ರಾಣರಕ್ಷಕ ತೆಪ್ಪ, ಖಾಲಿ. ಒಳಬದಿಯಲ್ಲಿ ಗ್ರೀಸಿನಿಂದ ಬರೆದ ತಾರೀಖುಗಳು, ಮೂರರಿಂದ ಎಂಟರವರೆಗೆ. ಕೈಬರಹ ತಮ್ಮನದು.

“ಸಮುದ್ರ ನುಂಗಿದ್ರೆ ಇದನ್ನ ಬರೆದೋರು ಯಾರು ಸಾರ್? ಆರು ದಿನ ಬದುಕಿದ್ದ. ನೀವೆಲ್ಲ ಎಲ್ಲಿ ಹುಡುಕ್ತಿದ್ರಿ?”

ಇನ್ಸ್‌ಪೆಕ್ಟರಿಗೆ ಮೊದಲ ಸಲ ತಾವಾಡಿದ ಮಾತು ನೆನಪಾಗಿ ನಾಚಿಕೆಯಾಯಿತು. 10.50ಕ್ಕೆ ಎಫ್‌ಐಆರ್ ದಾಖಲಾಯಿತು.

ಪ್ರತಿ ಹಡಗೂ ದಿನಕ್ಕೆ ಮೂರು ಸಲ ಬಂದರಿನ ರೇಡಿಯೊ ಕೋಣೆಗೆ ತಾನಿರುವ ಜಾಗ ತಿಳಿಸಬೇಕು. ಆಪರೇಟರ್ ಅದನ್ನು ಪುಸ್ತಕಕ್ಕೆ ಏರಿಸಬೇಕು. ಮೂರನೇ ತಾರೀಖಿನ ಪುಟದಲ್ಲಿ ಬೆಳಿಗ್ಗೆ ಎಂಟಕ್ಕೂ ಮಧ್ಯಾಹ್ನ ಎರಡಕ್ಕೂ ‘ಕ್ಷೇಮ’ ಎಂದಿತ್ತು, ರಾತ್ರಿಯ ಸಾಲು ಖಾಲಿಯಿತ್ತು. ಹುಡುಕಾಟ ಶುರುವಾದದ್ದು ಎರಡು ಗಂಟೆಯ ಜಾಗದಿಂದ. ತೆಪ್ಪ ಸಿಕ್ಕಿದ್ದು ಎಪ್ಪತ್ತು ಮೈಲಿ ಹಿಂದೆ, ಬೆಳಗಿನ ಜಾಗದ ಹತ್ತಿರ.

ಪಂಚನಾಮೆ ಮಾಡಿ ಪುಸ್ತಕ ವಶಕ್ಕೆ ಪಡೆಯುವಾಗ ಮುಖ್ಯ ಪೇದೆಗೆ ಅದರೊಳಗೊಂದು ರಿಪೇರಿ ಚೀಟಿ ಸಿಕ್ಕಿತು. ಮೂರನೇ ತಾರೀಖು, ಹನ್ನೆರಡರಿಂದ ಮೂರೂಕಾಲು, ಏರಿಯಲ್ ಬದಲಾವಣೆ. ಮೆಕ್ಯಾನಿಕ್ ಹೇಳಿಕೆ ಕೊಟ್ಟ: ಅಷ್ಟು ಹೊತ್ತೂ ಏರಿಯಲ್ ತಂತಿ ಬಿಚ್ಚಿಟ್ಟಿತ್ತು, ರೇಡಿಯೊ ಪೆಟ್ಟಿಗೆಯಲ್ಲಿ ಯಾವ ದನಿಯೂ ಕೇಳಿಸುವಂತಿರಲಿಲ್ಲ.

ಹದಿನೈದರಂದು ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರೂ ಮುಖ್ಯ ಪೇದೆಯೂ ಮತ್ತೆ ರೇಡಿಯೊ ಕೋಣೆಗೆ ಹೋದರು. ಆಪರೇಟರಿಗೆ ಇಪ್ಪತ್ತೆರಡು ವರ್ಷದ ಸರ್ವೀಸು, ಒಂದು ಕಪ್ಪು ಚುಕ್ಕೆ ಇಲ್ಲ.

“ಎರಡು ಗಂಟೆಗೆ ಮಾತಾಡಿದ್ದು ಯಾರು?” ಇನ್ಸ್‌ಪೆಕ್ಟರ್ ಕೇಳಿದರು.

“ಯಾರೂ ಇಲ್ಲ ಸಾರ್. ಬೆಳಿಗ್ಗೇನೇ ಬರೆದಿಟ್ಟಿದ್ದೆ. ದಿನಾ ಹೋಗೋ ದಾರಿ, ಎಲ್ಲಿರುತ್ತೆ ಅಂತ ಗೊತ್ತಿರುತ್ತಲ್ಲ.”

“ಹುಡುಕೋಕೆ ಹೊರಟಾಗ ಹೇಳಬಹುದಿತ್ತು.”

“ಮೊದಲ ದಿನ ಹೇಳೋಕೆ ನಾಚಿಕೆ ಆಯ್ತು. ಎರಡನೇ ದಿನ, ನಿನ್ನೆ ಯಾಕೆ ಹೇಳಲಿಲ್ಲ ಅಂತ ಕೇಳಿದ್ರೆ ಏನ್ ಹೇಳಲಿ? ಹಾಗೇ ದಿನ ಹೋಯ್ತು.”

ಮುಖ್ಯ ಪೇದೆ ಬಂಧನದ ಕಾಗದ ಮುಂದಿಟ್ಟ. ಸಹಿ ಹಾಕಲು ಬಗ್ಗಿದ ಆಪರೇಟರ್ ಒಂದು ಸಾಲಿನ ಮೇಲೆ ಬೆರಳಿಟ್ಟು, ಗೋಡೆ ಗಡಿಯಾರ ನೋಡಿದ. ಕಾಗದದಲ್ಲಿ ಬಂಧನದ ವೇಳೆ 5.00 ಎಂದಿತ್ತು. ಗಡಿಯಾರದಲ್ಲಿ 4.10.

“ಇದನ್ನ ತಿದ್ದಿಬಿಡಿ ಸಾರ್,” ಎಂದ, ಮೆಲ್ಲಗೆ.

ಆ ಕಾಗದ ಠಾಣೆಯಲ್ಲೇ ತುಂಬಿಸಿ ತಂದದ್ದು. ಯಾವಾಗಲೂ ಹಾಗೆಯೇ. ಇನ್ಸ್‌ಪೆಕ್ಟರ್ ತಾವೇ ಹೊಡೆದುಹಾಕಿ 4.10 ಎಂದು ಬರೆದರು. ಅವನ ಮುಖ ನೋಡಲು ಅವರಿಂದ ಆಗಲಿಲ್ಲ.

ಕೇಸ್ ಡೈರಿಯಲ್ಲಿ ಹೀಗೆ ಬರೆದರು: ಆರೋಪಿಗೆ ದ್ವೇಷವಾಗಲಿ ಆಸೆಯಾಗಲಿ ಇರಲಿಲ್ಲ, ತಪ್ಪು ಒಪ್ಪಿಕೊಳ್ಳಲು ನಾಚಿಕೆಪಟ್ಟ. ಇದನ್ನು ಆ ಅಕ್ಕನಿಗೆ ಯಾರಾದರೂ ಹೇಳಬೇಕಿತ್ತು. ಪೇದೆಯನ್ನು ಕಳಿಸದೆ ಅವರೇ ಹೊರಟರು.