ಬಣ್ಣ ಬಳಿದ ಮರದ ಹದ್ದು

ನಿಮ್ಮ ತಾತನ ತಾತ ಹುಟ್ಟುವುದಕ್ಕೂ ಮೊದಲು ಮುಗಿಲೂರು ಅಂತ ಒಂದು ರಾಜ್ಯವಿತ್ತು. ಅಲ್ಲೊಂದು ಹಾರುಗರಡಿ. ನಗಬೇಡಿ, ಕುಸ್ತಿಗೆ ಗರಡಿ ಇದ್ದ ಹಾಗೆ ಹಾರುವುದಕ್ಕೂ ಗರಡಿ. ರಾಜನ ಪಡೆಯ ಹುಡುಗರು ಅಲ್ಲಿ ಮರದ ಹದ್ದುಗಳನ್ನು ಹತ್ತಿ ಹಾರಲು ಕಲಿಯುತ್ತಿದ್ದರು. ಹದ್ದಿನ ಹೊಟ್ಟೆಗೆ ಮೂರು ಸಲ ತಟ್ಟಿ "ಏಳವ್ವ" ಅಂದರೆ ಅದು ಏಳುತ್ತಿತ್ತು, ಅಷ್ಟೇ.

ಕಾಲ ಕಳೆಯಿತು, ಯುದ್ಧಗಳು ನಿಂತವು, ಗರಡಿ ಮುಚ್ಚಿತು. ಹದ್ದುಗಳೆಲ್ಲ ಎಲ್ಲೆಲ್ಲಿಗೋ ಹೋದವು. ಒಂದನ್ನು ಮಾತ್ರ ನೆನಪಿಗೆಂದು ಬಾಗಿಲ ಮುಂದೆ ಕಲ್ಲುಕಟ್ಟೆಯ ಮೇಲೆ ನಿಲ್ಲಿಸಿದರು. ಹಾರಲು ಕಲಿಸುತ್ತಿದ್ದ ಗುರು ಬೊಮ್ಮಣ್ಣನಿಗೆ ಅದೆಂದರೆ ಪ್ರಾಣ. ವರ್ಷಕ್ಕೊಮ್ಮೆ, ಗರಡಿ ಶುರುವಾದ ದಿನ, ಹಳೆಯ ಶಿಷ್ಯರೆಲ್ಲ ಬಂದು ಸೇರುತ್ತಿದ್ದರು. ಒಬ್ಬೊಬ್ಬರೂ ಹದ್ದಿಗೆ ಒಂದೊಂದು ಕೈ ಬಣ್ಣ ಬಳಿಯುತ್ತಿದ್ದರು. ಆಮೇಲೆ ಅದರ ರೆಕ್ಕೆಯ ನೆರಳಲ್ಲಿ ಕೂತು, ಆ ಕಾಲ ಹೇಗಿತ್ತು ಅಂತ ಸಂಜೆಯವರೆಗೂ ಹರಟುತ್ತಿದ್ದರು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಒಂದು ದಿನ ಮಬ್ಬಯ್ಯನೆಂಬ ಮಾಂತ್ರಿಕ ಬೊಮ್ಮಣ್ಣನ ಒಬ್ಬಳೇ ಮಗಳು ಹೊನ್ನಾಜಿಯನ್ನು ಎತ್ತಿಕೊಂಡು ಹೋಗಿ ತನ್ನ ಮೋಡದ ಕೋಟೆಯಲ್ಲಿ ಕೂಡಿಹಾಕಿದ. ಆ ಕೋಟೆಗೆ ಮೆಟ್ಟಿಲಿಲ್ಲ. ಏಳು ದಿನ ಕಳೆದರೆ ಒಳಗಿದ್ದವರೂ ಮೋಡವಾಗಿಬಿಡುತ್ತಿದ್ದರು.

ಬೊಮ್ಮಣ್ಣ ಕಟ್ಟೆಗೆ ಓಡಿದ. ಹೊಟ್ಟೆಗೆ ತಟ್ಟಿ "ಏಳವ್ವ" ಅಂದ. ಹದ್ದು ಮಿಸುಕಲಿಲ್ಲ. ರೆಕ್ಕೆಯ ಕೀಲುಗಳೆಲ್ಲ ಬಣ್ಣದೊಳಗೆ ಹೂತುಹೋಗಿದ್ದವು. ಬಳಿದದ್ದೇನೋ ಪ್ರೀತಿಯಿಂದಲೇ, ಆದರೆ ಬೆರಳು ದಪ್ಪ ಬಳಿದಿದ್ದರು. ಬೊಮ್ಮಣ್ಣ ಉಳಿ ತಂದು ಕೆರೆಯತೊಡಗಿದ. ಶಿಷ್ಯರು ಬಂದು ಕಣ್ಣೀರು ಹಾಕಿದರು.

"ಗುರುಗಳೇ, ನಮ್ಮ ನೆನಪನ್ನೆಲ್ಲ ಕೆರೆದು ಹಾಕ್ತಿದ್ದೀರಲ್ಲ."

"ಬಣ್ಣ ಉಳೀಬೇಕೋ ನನ್ನ ಮಗಳು ಉಳೀಬೇಕೋ ನೀವೇ ಹೇಳಿ" ಅಂದ ಬೊಮ್ಮಣ್ಣ. ಅವರೂ ತೆಪ್ಪಗೆ ಉಳಿ ಹಿಡಿದರು.

ಏಳನೆಯ ಬೆಳಗ್ಗೆ ರೆಕ್ಕೆಗಳೂ ಕೊನೆಗೆ ಕೊಕ್ಕೂ ಬಿಡಿಸಿಕೊಂಡವು. ಹದ್ದು ಬಾಯಿ ಬಿಟ್ಟು ಮಾತಾಡಿತು.

"ಇಪ್ಪತ್ತು ವರ್ಷ ಬಾಯಿಗೆ ಬಣ್ಣ ಮೆತ್ತಿದೆಯಲ್ಲೋ ಬೊಮ್ಮಣ್ಣ. ಹಾರಬೇಕು, ಹಾರಬೇಕು ಅಂತ ಒಳಗೊಳಗೇ ಕೂಗಿ ಸಾಕಾಯ್ತು ನಂಗೆ."

"ತಪ್ಪಾಯ್ತು ಕಣವ್ವ."

"ಇರಲಿ, ಹತ್ತು. ದಾರೀಲಿ ಮೂರು ಸಲ ಹಿಂದಿನಿಂದ ಕರೀತಾರೆ. ತಿರುಗಿ ನೋಡಿದರೆ ಇಬ್ಬರೂ ಮಂಜಾಗ್ತೀವಿ. ನೋಡದೆ ಹೋಗಿ ಮುಟ್ಟಿದೆಯೋ, ಕೋಟೆಯೇ ಕರಗುತ್ತೆ."

ಹದ್ದು ಎದ್ದಿತು. ಕೆಳಗೆ ಊರು ಹಸಿರಾಗಿ, ಆಮೇಲೆ ನೀಲಿಯಾಗಿ, ಆಮೇಲೆ ಇಲ್ಲವೇ ಇಲ್ಲವಾಯಿತು.

ಮೊದಲನೆಯ ಮೋಡ ದಾಟುವಾಗ ಬೆನ್ನ ಹಿಂದೆ ಗರಡಿಯ ನಗಾರಿ ಮೊಳಗಿತು, ನಲವತ್ತು ಹದ್ದುಗಳು ಸಾಲಾಗಿ ರೆಕ್ಕೆ ಬಡಿದವು. ಬೊಮ್ಮಣ್ಣನ ಮೈ ಜುಮ್ಮೆಂದಿತು. ಅವನು ತಿರುಗಲಿಲ್ಲ.

ಎರಡನೆಯ ಮೋಡ ದಾಟುವಾಗ ತೀರಿಕೊಂಡ ಗೆಳೆಯ ಸಿದ್ಲಿಂಗು ಕರೆದ. "ಬೊಮ್ಮಾ, ರೊಟ್ಟಿ ಆರ್ತಿದೆ, ಬಾರೋ." ಬೊಮ್ಮಣ್ಣ ಹದ್ದಿನ ಕತ್ತನ್ನು ಇನ್ನೂ ಬಿಗಿಯಾಗಿ ಹಿಡಿದ. ಅವನು ತಿರುಗಲಿಲ್ಲ.

ಮೂರನೆಯ ಮೋಡ ದಾಟುವಾಗ ಕರೆದವಳು ಆರು ವರ್ಷದ ಹೊನ್ನಾಜಿ. "ಅಪ್ಪಾ, ನನ್ನನ್ನೂ ಹತ್ತಿಸ್ಕೋ." ಆಗೆಲ್ಲ ಗರಡಿಯ ಬೇಲಿಯಾಚೆ ನಿಂತು ದಿನಾ ಕೇಳುತ್ತಿದ್ದಳು. ಹೆಣ್ಣುಮಕ್ಕಳಿಗೆ ಗರಡಿಯಲ್ಲಿ ಜಾಗವಿರಲಿಲ್ಲ. "ನಾಳೆ ಕಂದ" ಅಂತ ಅವನು ದಿನಾ ಸಾಗಹಾಕುತ್ತಿದ್ದ. ಬೊಮ್ಮಣ್ಣನ ಕತ್ತು ಅರ್ಧ ತಿರುಗಿಯೇಬಿಟ್ಟಿತ್ತು.

"ನಿನ್ನನ್ನ ಕರ್ಕೊಂಡು ಬರೋಕೇ ಹೊರಟಿದ್ದೀನಿ ಮಗಳೇ" ಅಂದು ಅಳುತ್ತಲೇ ಮುಂದಕ್ಕೆ ನೋಡಿದ. ಕೈ ಚಾಚಿ ಕೋಟೆಯನ್ನು ಮುಟ್ಟಿದ.

ಕೋಟೆ ಕರಗಿತು. ಜೊತೆಗೆ ಮಬ್ಬಯ್ಯನೂ ಕರಗಿ ನೀರಾಗಿ ಯಾರದೋ ಹುರುಳಿ ಹೊಲಕ್ಕೆ ಸುರಿದುಹೋದ. ಹೊನ್ನಾಜಿ ನೇರವಾಗಿ ಹದ್ದಿನ ಬೆನ್ನ ಮೇಲೆ ಬಿದ್ದಳು.

"ಇಷ್ಟು ತಡವಾ ಅಪ್ಪ?"

"ಬಣ್ಣ ಕೆರೀತಿದ್ದೆ ಕಣೇ."

ಅವಳು ಕೂದಲು ಗಂಟು ಹಾಕಿಕೊಂಡು ಅಪ್ಪನ ಮುಖ ನೋಡಿದಳು. "ಸರಿ, ಹಿಂದಕ್ಕೆ ಸರಿ. ನಾನು ಹಾರಿಸ್ತೀನಿ. ಬೇಲಿಯಾಚೆ ನಿಂತು ನಿನ್ನ ಪಾಠವೆಲ್ಲ ಬಾಯಿಪಾಠ ಮಾಡಿದೀನಿ."

ಯಾವತ್ತೂ ಮುಂದೆಯೇ ಕೂತ ಗುರು ಹಿಂದಕ್ಕೆ ಸರಿದ.

ಆಮೇಲೆ ಮುಗಿಲೂರಿನವರೆಲ್ಲ ಹೊಟ್ಟೆ ತುಂಬ ಉಂಡು ಕಣ್ಣು ತುಂಬ ನಿದ್ದೆ ಮಾಡಿದರು, ಅದೆಲ್ಲ ಆಯಿತು. ಆದರೆ ಅವತ್ತು ಇಳಿಯುವವರೆಗೂ ಬೊಮ್ಮಣ್ಣ ಹೊನ್ನಾಜಿಯ ಒಂದೇ ಒಂದು ತಪ್ಪನ್ನೂ ತಿದ್ದಲಿಲ್ಲ. ಮಗಳ ಸೆರಗು ಹಿಡಿದುಕೊಂಡು ಸುಮ್ಮನೆ ಕೂತಿದ್ದ.