ತಲೆಕೆಳಗಾದ ಗ್ಯಾಸ್ಕೆಟ್

ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಬಿಡುತ್ತ ಪುಸ್ತಕದ ವ್ಯಾನು ಗ್ಯಾರೇಜಿನ ಅಂಗಳಕ್ಕೆ ಬಂದು ನಿಂತಾಗ, ಚಿಕ್ಕ ಮೇಸ್ತ್ರಿ ಎಂದೇ ಕರೆಸಿಕೊಳ್ಳುವ ಮೇಸ್ತ್ರಿಯ ಮಗಳಿಗೆ ಸಿಟ್ಟು ನೆತ್ತಿಗೇರಿತು. ಒಂದೇ ತಿಂಗಳಲ್ಲಿ ಇದು ನಾಲ್ಕನೆಯ ಸಲ. ಆದರೆ ಬಾಗಿಲು ತೆರೆದು ಇಳಿದವನ ಬಲಗೈ ಕಂಡದ್ದೇ ತಡ, ಬಾಯಿಗೆ ಬಂದ ಬೈಗುಳ ಗಂಟಲಲ್ಲೇ ನಿಂತುಹೋಯಿತು. ಮಣಿಕಟ್ಟಿನಿಂದ ಬೆರಳಿನ ಬುಡದವರೆಗೆ ಬ್ಯಾಂಡೇಜು.

"ಏನ್ರೀ ಇದು?"

"ಏನಿಲ್ಲ. ರೇಡಿಯೇಟರ್ ಮುಚ್ಚಳ ಸ್ವಲ್ಪ ಬೇಗ ತೆಗೆದೆ. ಅದಕ್ಕೆ ಕೋಪ ಬಂತು."

"ಬಿಸಿ ಇರೋವಾಗ ತೆಗೀಬೇಡಿ ಅಂತ ಎಷ್ಟು ಸಲ ಹೇಳಿದೀನಿ?"

"ಮೂರು ಸಲ. ಮೂರು ಸಲಾನೂ ನಾನು ಕೇಳ್ತಾ ಇರಲಿಲ್ಲ, ನೋಡ್ತಾ ಇದ್ದೆ."

ಅವಳು ತಟ್ಟನೆ ಬಾನೆಟ್ಟಿನ ಕಡೆ ತಿರುಗಿಕೊಂಡಳು. ಕೆನ್ನೆ ಬಿಸಿಯಾದದ್ದು ಹಬೆಯಿಂದ ಎಂದು ಅವನು ತಿಳಿದರೆ ಸಾಕಿತ್ತು.

ಅವನು ಶಾಲೆಯಿಂದ ಶಾಲೆಗೆ ಪುಸ್ತಕ ಒಯ್ಯುವವನು. ಊರವರ ಬಾಯಲ್ಲಿ ಅವನ ಹೆಸರೇ 'ಲೈಬ್ರರಿ' ಎಂದಾಗಿತ್ತು. ವ್ಯಾನಿಗೆ ಇಪ್ಪತ್ತೆರಡು ವರ್ಷ. ಅವಳ ಅಪ್ಪ ದೊಡ್ಡ ಮೇಸ್ತ್ರಿ. ನಲವತ್ತು ವರ್ಷದಿಂದ ಈ ಗ್ಯಾರೇಜು ಅವರದು. ಹತ್ತು ವರ್ಷದಿಂದ ಅವಳೂ ಅಲ್ಲೇ ಕೈ ಕಪ್ಪು ಮಾಡಿಕೊಂಡವಳು. ಅಕ್ಕನ ಹೆರಿಗೆಗೆಂದು ಅವಳು ಹದಿನೈದು ದಿನ ಊರಲ್ಲಿಲ್ಲದಾಗ ಅಪ್ಪ ಒಬ್ಬರೇ ಈ ವ್ಯಾನಿನ ಎಂಜಿನ್ ಬಿಚ್ಚಿ, ಹೆಡ್ ಎಂಬ ಮೇಲಿನ ಮುಚ್ಚಳದಡಿ ಕೂರುವ ತೂತು ತೂತಿನ ತೆಳು ಹಾಳೆಯನ್ನು, ಅಂದರೆ ಗ್ಯಾಸ್ಕೆಟ್ಟನ್ನು, ಬದಲಿಸಿ ಕೊಟ್ಟಿದ್ದರು. ಈ ಕಾಟ ಶುರುವಾದದ್ದು ಅದರ ನಂತರ. ಆದರೂ ಅಪ್ಪನ ಕೆಲಸದಲ್ಲಿ ತಪ್ಪು ಹುಡುಕಲು ಅವಳಿಗೆ ತೋಚಲೇ ಇಲ್ಲ.

ಮೊದಲ ಸಲ ಅವಳು ಥರ್ಮೋಸ್ಟಾಟ್ ಬದಲಿಸಿದಳು. ಎರಡನೆಯ ಸಲ ರೇಡಿಯೇಟರ್ ಬಿಚ್ಚಿ ತೊಳೆದಳು. ಮೂರನೆಯ ಸಲ ವಾಟರ್ ಪಂಪು, ಫ್ಯಾನು, ಬೆಲ್ಟು ಎಲ್ಲವನ್ನೂ ತಡಕಿದಳು. ಎಲ್ಲಿಯೂ ಒಂದು ತೊಟ್ಟು ನೀರು ಸೋರುತ್ತಿರಲಿಲ್ಲ. ಆದರೂ ಏರುದಾರಿ ಹತ್ತಿದರೆ ನೀರು ಕುದಿಯುತ್ತಿತ್ತು.

"ಇವತ್ತು ಇದರ ಹುಟ್ಟಡಗಿಸ್ತೀನಿ," ಎಂದಳು.

"ವ್ಯಾನಿಂದೋ, ನಂದೋ?"

"ಸರದಿ ಪ್ರಕಾರ."

ಎಂಜಿನ್ ತಣಿಯಲು ಬಿಟ್ಟು, ನೀರು ತುಂಬಿ, ಮತ್ತೆ ಚಾಲೂ ಮಾಡಿದಳು. ಶಾಖ ಅಳೆಯುವ ಗನ್ ಹಿಡಿದು ಸಿಲಿಂಡರ್ ಹೆಡ್ಡಿನ ಮೇಲೆ ಮುಂದಿನಿಂದ ಹಿಂದಕ್ಕೆ ಕೆಂಪು ಚುಕ್ಕೆ ಸರಿಸಿದಳು. ಮುಂದೆ ತೊಂಬತ್ತು ಡಿಗ್ರಿ. ನಡುವೆ ನೂರು. ಹಿಂದಿನ ತುದಿಗೆ ಬಂದಾಗ ನೂರ ಹದಿನೆಂಟು!

ಅವಳು ಗನ್ ಒರೆಸಿ ಮತ್ತೆ ಹಿಡಿದಳು. ಆಗಲೂ ಅಷ್ಟೇ.

"ಹಿಂದಿನ ಭಾಗಕ್ಕೆ ನೀರೇ ಹೋಗ್ತಾ ಇಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು. "ದಾರಿ ಎಲ್ಲೋ ಕಟ್ಟಿಕೊಂಡಿದೆ."

ಲೈಬ್ರರಿ ಯಾಕೋ ಮುಖ ಆಚೆ ತಿರುಗಿಸಿದ.

ಹೆಡ್ ಬಿಚ್ಚುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವನು ಎಡಗೈಯಿಂದಲೇ ಸ್ಪ್ಯಾನರ್ ಕೊಡುತ್ತಿದ್ದ. ಕೇಳಿದ್ದು ಹದಿಮೂರನೆಯ ನಂಬರು, ಕೊಟ್ಟದ್ದು ಹದಿನೇಳು. ಅವಳು ಕಣ್ಣು ಬಿಟ್ಟರೆ ಅವನು ನಗುತ್ತಿದ್ದ. ಇಬ್ಬರೂ ಸೇರಿ ಹೆಡ್ ಎತ್ತಿ ಬೆಂಚಿನ ಮೇಲಿಟ್ಟರು. ಅವಳು ಗ್ಯಾಸ್ಕೆಟ್ಟನ್ನು ಮೆಲ್ಲಗೆ ಎಬ್ಬಿಸಿ ತಿರುಗಿಸಿದಳು.

ಅದನ್ನು ಬೆಳಕಿಗೆ ಹಿಡಿದಳು.

'ಈ ಬದಿ ಮೇಲೆ' ಎಂಬ ಅಚ್ಚು ಕೆಳಬದಿಯಲ್ಲಿತ್ತು. ಅದರಿಂದ ಎಂಜಿನ್ನಿನ ಹಿಂದಿನ ಎರಡು ನೀರಿನ ತೂತುಗಳು ಪೂರ್ತಿ ಮುಚ್ಚಿಹೋಗಿದ್ದವು. ಕೆಲಸ ಕಲಿಯುವವರು ಮೊದಲ ವಾರ ಮಾಡುವ ತಪ್ಪು ಇದು. ಮಾಡಿದವರು ಯಾರು? ಹನ್ನೊಂದು ವರ್ಷದ ಅವಳ ಬೆರಳು ಹಿಡಿದು ಇದೇ ಅಚ್ಚನ್ನು ತೋರಿಸಿ, "ಮಗಳೇ, ಇದನ್ನ ಓದದವನು ಮೇಸ್ತ್ರಿ ಅಲ್ಲ" ಎಂದಿದ್ದ ಅಪ್ಪ.

ಅವಳು ಹಳೆಯ ಟೈರಿನ ಮೇಲೆ ಕೂತಳು. ತಲೆಯೆತ್ತಿ ನೋಡಿದರೆ ಲೈಬ್ರರಿಯ ಮುಖದಲ್ಲಿ ದುಃಖವಿತ್ತು, ಆಶ್ಚರ್ಯ ಮಾತ್ರ ಚೂರೂ ಇರಲಿಲ್ಲ. ಅದೇ ಅವಳಿಗೆ ಎರಡನೆಯ ಪೆಟ್ಟು.

"ನಿಮಗೆ ಗೊತ್ತಿತ್ತು."

ಅವನು ಬ್ಯಾಂಡೇಜಿನ ಅಂಚನ್ನು ಸರಿಪಡಿಸಿಕೊಂಡ.

"ಗೊತ್ತಿತ್ತಲ್ಲಾ?"

"ಒಂದು ವಾರದಿಂದ," ಎಂದ ಮೆಲ್ಲಗೆ. "ಎಂಜಿನ್ ಬಿಚ್ಚಿದ ದಿನ ನಾನಿಲ್ಲೇ ಇದ್ದೆ. ನಿಮ್ಮ ತಂದೆ ಅದನ್ನ ಮೂಗಿನ ಹತ್ರ ಹಿಡಿದು, ಬೆರಳಾಡಿಸಿ ಆಡಿಸಿ ನೋಡ್ತಾ ಇದ್ರು. ಅಕ್ಷರ ಕೆಳಗೆ ಹೋಗಿದ್ದು ಕಂಡೆ. ಅದರ ಅರ್ಥ ಆಗ ಗೊತ್ತಿರಲಿಲ್ಲ. ಹೋದ ವಾರ ನನ್ನ ವ್ಯಾನಲ್ಲೇ ಇರೋ ರಿಪೇರಿ ಪುಸ್ತಕ ಓದಿದೆ."

"ಓದಿ?"

"ಹೀಟರ್ ಹಾಕ್ಕೊಂಡು ಓಡಿಸಿದ್ರೆ ಎಂಜಿನ್ ಬಿಸಿ ಸ್ವಲ್ಪ ಇಳಿಯತ್ತೆ ಅಂತ ಇತ್ತು. ಹಾಗೇ ಓಡಿಸಿದೆ."

"ಈ ಸುಡುಬಿಸಿಲಲ್ಲಿ? ಹೀಟರ್ ಹಾಕ್ಕೊಂಡು?"

"ಎರಡು ಕೆಜಿ ಇಳಿದೆ."

"ತಮಾಷೆ ಮಾಡಬೇಡಿ!" ಅವಳ ಕೂಗಿಗೆ ಮಾಡಿನ ಮೇಲಿದ್ದ ಪಾರಿವಾಳಗಳು ಪಟಪಟನೆ ಹಾರಿದವು. "ಯಾಕೆ ಹೇಳಲಿಲ್ಲ?"

"ಹೇಳೋದು ಹೇಗೆ? ನಲವತ್ತು ವರ್ಷದ ಕೈ ಅದು. ಆ ಮಾತು ಹೊರಗಿನವನ ಬಾಯಿಂದ ಬರಬಾರದು ಅನ್ನಿಸ್ತು. ನೀವು ಕಂಡುಹಿಡಿದೇ ಹಿಡೀತೀರಿ ಅಂತ ಗೊತ್ತಿತ್ತು. ಅಲ್ಲೀವರೆಗೆ ದೂಡೋಣ ಅಂದ್ಕೊಂಡೆ. ಗಾಡಿ ಓಡೋವಾಗ ಮಕ್ಕಳು ಯಾರೂ ಹತ್ತಲ್ಲ. ಇರೋನು ನಾನೊಬ್ಬನೇ. ನನಗೇನಾದ್ರೂ ಆದ್ರೆ ಅಳೋರು ಯಾರೂ ಇಲ್ಲ, ಬಿಡಿ."

ಅವಳ ಕೈಯಲ್ಲಿದ್ದ ಗ್ಯಾಸ್ಕೆಟ್ ಠಣ್ಣೆಂದು ನೆಲಕ್ಕೆ ಬಿತ್ತು.

"ಯಾರೂ ಇಲ್ಲ ಅಂತ ನಿಮಗೆ ಹೇಳಿದ್ದು ಯಾರು?"

ಮಾತು ಆಡಿಯಾಗಿತ್ತು. ತನ್ನ ದನಿ ತನಗೇ ಪರಕೀಯವಾಗಿ ಕೇಳಿ ಅವಳು ಬೆಚ್ಚಿಬಿದ್ದಳು. ಅವನ ಕಿವಿಯ ತುದಿ ಕೆಂಪಾಗುವುದನ್ನು ಕಂಡೂ ಕಾಣದಂತೆ ಅವಳು ಸರಸರನೆ ಒಳಕೋಣೆಗೆ ನಡೆದಳು.

ಅಲ್ಲಿ ಅಪ್ಪ ಬೋಲ್ಟುಗಳನ್ನು ವಿಂಗಡಿಸುತ್ತಿದ್ದರು. ಒಂದೊಂದನ್ನೂ ಹೆಬ್ಬೆರಳಲ್ಲಿ ಸವರಿ, ಅದರದರ ಡಬ್ಬಕ್ಕೆ. ಇಷ್ಟು ದಿನ ಅದನ್ನು ಪಳಗಿದ ಕೈ ಎಂದು ಮೆಚ್ಚಿ ನೋಡಿದ್ದಳು. ಅಪ್ಪ ಒಮ್ಮೆಯೂ ಬೋಲ್ಟನ್ನು ನೋಡುತ್ತಿಲ್ಲ ಎಂಬುದು ಈಗಷ್ಟೇ ಅವಳ ಕಣ್ಣಿಗೆ ಬಿತ್ತು. ಒಂದೇ ಮನೆಯಲ್ಲಿ ಉಂಡು, ಒಂದೇ ಸೂರಿನಡಿ ದುಡಿದು, ಇದು ಕಾಣದೇ ಹೋಯಿತೇ? ಕುರುಡು ಯಾರಿಗೆ?

"ಅಪ್ಪಾ," ಎಂದಳು. "ಯಾವ ಕಣ್ಣು?"

ಹೆಬ್ಬೆರಳು ನಿಂತಿತು. ಕೈಯಲ್ಲಿದ್ದ ಬೋಲ್ಟನ್ನು ಕೆಳಗಿಟ್ಟು ಅಪ್ಪ ಹೇಳಿದರು: "ಬಲಗಣ್ಣು ಪೂರ್ತಿ ಹೋದ ಹಾಗೇನೇ. ಎಡಗಣ್ಣು ಮಸುಕು. ಗ್ಯಾಸ್ಕೆಟ್ಟಾ?"

"ಹೂಂ."

"ಥೂ." ಅವರು ತಲೆ ತಗ್ಗಿಸಿದರು. "ನಿನ್ನ ಬಾಯಿಂದ ಕೇಳ್ಬೇಕಾಯ್ತಲ್ಲ, ಮಗಾ."

ಅವಳು ಪಕ್ಕದಲ್ಲಿ ಕೂತು ಆ ಒರಟು ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ನಾಳಿದ್ದು ಕಣ್ಣಿನ ಡಾಕ್ಟರ ಹತ್ರ ಹೋಗೋಣ. ಇಲ್ಲ ಅನ್ನಬೇಡ."

"ಇಲ್ಲ ಅಂದ್ರೆ ನೀನು ಬಿಡ್ತೀಯಾ?" ಅಪ್ಪ ನಿಟ್ಟುಸಿರಿಟ್ಟರು. ಮತ್ತೆ, "ಆ ಹುಡುಗನಿಗೂ ಬೈದ್ಯಾ? ಕೂಗು ಇಲ್ಲೀತನಕ ಕೇಳಿಸ್ತು."

"ಬೈದೆ."

"ಎಷ್ಟು?"

"ಅಳು ಬರೋಷ್ಟು."

"ಯಾರಿಗೆ?"

ಅಪ್ಪ ಕಾಣದ ಕಣ್ಣಲ್ಲೇ ಅವಳ ಮುಖ ನೋಡಿ, ಮೀಸೆಯಡಿ ಸಣ್ಣಗೆ ನಕ್ಕರು.

ಮರುದಿನ ಬೆಳಿಗ್ಗೆ ಅವಳು ಹೆಡ್ಡಿಗೆ ಸ್ಟೀಲ್ ಪಟ್ಟಿಯಿಟ್ಟು ನೋಡಿದಳು. ಪುಣ್ಯಕ್ಕೆ ಶಾಖಕ್ಕೆ ಹೆಡ್ ಬಾಗಿರಲಿಲ್ಲ. ಹೊಸ ಗ್ಯಾಸ್ಕೆಟ್ ಕೂಡಿಸಿದಳು, ಅಚ್ಚು ಮೇಲೆ. ಅಪ್ಪ ಪಕ್ಕದಲ್ಲಿ ನಿಂತು ಬೋಲ್ಟ್ ಬಿಗಿಸುವ ಕ್ರಮವನ್ನು ಬಾಯಿಪಾಠ ಒಪ್ಪಿಸಿದರು: ಮೊದಲು ನಡುವಿನದು, ಆಮೇಲೆ ಎದುರಿನದು, ಹಾಗೇ ಹೊರಕ್ಕೆ. ಒಂದೂ ತಪ್ಪಲಿಲ್ಲ. ಲೈಬ್ರರಿ ಮಾತಿಲ್ಲದೆ ಸ್ಪ್ಯಾನರ್ ಕೊಟ್ಟ. ಅವನೂ ತಪ್ಪಲಿಲ್ಲ. ಅವನ ಆ ಮೌನವೇ ಅವಳಿಗೆ ದಿಗಿಲು ಹುಟ್ಟಿಸಿತು. ಬಾಯಿ ಬಿಟ್ಟು ಕೆಟ್ಟೆನೇ?

ಪರೀಕ್ಷೆಗೆ ಗುಡ್ಡದ ದಾರಿ. ಅವಳು ಓಡಿಸಿದಳು, ಅವನು ಪಕ್ಕದಲ್ಲಿ ಕೂತ. ಹಿಂದಿನ ಕಪಾಟುಗಳಲ್ಲಿ ಪುಸ್ತಕಗಳು ತಿರುವು ತಿರುವಿಗೂ ಒಂದಕ್ಕೊಂದು ಒರಗಿ ಪಿಸುಗುಟ್ಟುತ್ತಿದ್ದವು. ಮೂರನೇ ಗೇರು, ಎರಡನೇ ಗೇರು, ಕಡಿದಾದ ಏರು. ಶಾಖ ತೋರಿಸುವ ಮುಳ್ಳು ನಡುವಿಗೆ ಬಂದು ನಿಂತದ್ದು ಅಲುಗಲಿಲ್ಲ. ತುದಿಯಲ್ಲಿ ಅವಳು ಬದಿಗೆ ಹಾಕಿ ಎಂಜಿನ್ ಆರಿಸಿದಳು.

"ನಿನ್ನೆ ಬಾಯಿ ತಪ್ಪಿ ಏನೋ ಅಂದೆ," ಎಂದಳು, ಸ್ಟಿಯರಿಂಗನ್ನೇ ನೋಡುತ್ತ.

"ಬಾಯಿ ತಪ್ಪಿ ಬಂತಾ?"

ಗಾಳಿ ಕಿಟಕಿಯೊಳಗೆ ನುಗ್ಗಿ ಅವಳ ಹಣೆಯ ಕೂದಲು ಕೆದರಿತು. "ಇಲ್ಲ."

ಅವನು ದೀರ್ಘವಾಗಿ ಉಸಿರು ಬಿಟ್ಟ. "ರಾತ್ರಿಯೆಲ್ಲ ಅದೇ ಮಾತು ಕೇಳಿಸ್ಕೊಂಡೆ. ಏನು ಹೇಳಿದ್ರೆ ಅದಕ್ಕೆ ಸರಿಸಾಟಿ ಆಗತ್ತೆ ಅಂತ ಹುಡುಕಿದೆ. ಹಿಂದೆ ಎರಡು ಸಾವಿರ ಪುಸ್ತಕ ಇದೆ, ಒಂದು ವಾಕ್ಯ ಸಿಗಲಿಲ್ಲ." ಗಂಟಲು ಸರಿಮಾಡಿಕೊಂಡ. "ನನಗೂ ನೀವೇ ಬೇಕು. ವ್ಯಾನ್ ಕೆಟ್ಟಾಗಲ್ಲ. ಸರಿ ಇರೋವಾಗ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಉಕ್ಕಿ ಬಂದವು. ಎಣ್ಣೆ ಕಪ್ಪು ಹಿಡಿದ ಬೆರಳಿನಿಂದ ಅವನ ಕಡೆ ತೋರಿಸಿ ಗದರಿದಳು.

"ಇನ್ನೊಂದು ಸಲ ನನ್ನಿಂದ ಏನಾದ್ರೂ ಮುಚ್ಚಿಟ್ರೆ, ನೋಡು, ನಿನ್ನ..."

'ನೋಡು.' 'ನಿನ್ನ.' ಆ ಏಕವಚನ ಯಾವ ಗಳಿಗೆಯಲ್ಲಿ ನಾಲಿಗೆಗೆ ಬಂದು ಕೂತಿತ್ತೋ ಅವಳಿಗೇ ಗೊತ್ತಿರಲಿಲ್ಲ.

"ಮುಚ್ಚಿಡಲ್ಲ," ಎಂದ ಅವನು, ಕಣ್ಣು ತುಂಬಿಕೊಂಡು. "ನಿನ್ನಾಣೆ."